ಡಿಸ್ಕ್ ಮಾವನ ದನಿ
ಕಂಪ್ಯೂಟರಿನ ಕೆಟ್ಟ ಡಿಸ್ಕನ್ನು ಬಿಟ್ಟು ನೆಟ್ಟಗಿದ್ದುದನ್ನೇ ಕಿತ್ತ ಜಾಣರೆಲ್ಲ ಕೊನೆಗೆ, ಕಳೆದ ದಾಖಲೆ ಮರಳಿ ತೆಗೆದುಕೊಡುವ ಡಿಸ್ಕ್ ಮಾವನ ಬಾಗಿಲು ತಟ್ಟುತ್ತಾರೆ. ಆಸ್ಪತ್ರೆಯಲ್ಲಿ ಆ ಘನಕಾರ್ಯ ಮುಗಿಸಿ, ರೋಗಿಗಳ ದಾಖಲೆಯಿದ್ದ ನಾಲ್ಕು ಡಿಸ್ಕುಗಳ ಜೊತೆ ತನ್ನ ನೌಕರಿಯನ್ನೂ ಚೀಲದಲ್ಲಿ ಹೊತ್ತು ತಂದ ಕಂಪ್ಯೂಟರ್ ಗುಮಾಸ್ತನೂ ತಟ್ಟಿದ. ಮಾವ ಬೈಯುವವನಲ್ಲ. ನಾಲ್ಕೂ ಡಿಸ್ಕುಗಳಿಗೆ ನಂಬರು ಬರೆದು, ಒಂದೊಂದನ್ನೇ ಕಿವಿಗಾನಿಸಿ, ಕಣ್ಣು ಮುಚ್ಚಿ ಆಲಿಸಿದ. ನಕಲು ತೆಗೆಯದೆ ಮೂಲವನ್ನು ಮುಟ್ಟುವುದಿಲ್ಲ; ಆ ಹೊತ್ತಿನಲ್ಲಿ ಸೀನಿದವರನ್ನು ಹೊರಗಟ್ಟುತ್ತಾನೆ. "ಇವರು ನಾಲ್ವರು ಅಣ್ಣತಮ್ಮಂದಿರು ಕಣಪ್ಪ. ಒಬ್ಬ ಸತ್ರೆ, ಉಳಿದ ಮೂವರನ್ನ ಕೂರಿಸಿ ಕೇಳಿದ್ರೆ ಅವನ ಮಾತೆಲ್ಲ ಹೇಳ್ತಾರೆ. ನೀನು ಕಿತ್ತವನು ಸತ್ತಿಲ್ಲ, ಮುನಿಸ್ಕೊಂಡಿದಾನೆ. ರಮಿಸಿ ಕರ್ಕೊಂಡು ಬರೋಣ" ಎಂದ. ಪರದೆಯ ಮೇಲೆ ನಕಲು ಶೇಕಡಾ ತೊಂಬತ್ತು ದಾಟುವಾಗ ಫೋನು ಬಡಿದುಕೊಂಡಿತು. ಮಾವ ಎತ್ತಿಕೊಂಡು, ತನ್ನ ಕೀರಲು ದನಿ ಬಿಟ್ಟು, ದಪ್ಪ ಗಂಟಲಲ್ಲಿ, "ಹೂಂ ಅಮ್ಮ, ಊಟ ಆಯ್ತು. ಮೊಣಕಾಲು ಹೇಗಿದೆ?" ಎಂದ. ಫೋನಿಟ್ಟ ಮೇಲೆ ಗುಮಾಸ್ತನತ್ತ ನೋಡದೆ ಪಿಸುಗುಟ್ಟಿದ: "ಅದು ನಮ್ಮ ದೊಡ್ಡಣ್ಣನ ದನಿ. ಅವನು ತೀರ್ಕೊಂಡು ಆರು ವರ್ಷ ಆಯ್ತು, ಅಮ್ಮನಿಗೆ ಗೊತ್ತಿಲ್ಲ. ಉಳಿದ ನಾವು ಸೇರಿ ನಡೆಸ್ತಿದೀವಿ." ಅಷ್ಟರಲ್ಲಿ ದಾಖಲೆಗಳು ಒಂದೊಂದಾಗಿ ತೆರೆದುಕೊಂಡವು. ನೌಕರಿ ಉಳಿಯಿತೆಂದು ಗುಮಾಸ್ತ ಕೈಮುಗಿದ. "ಇನ್ಮೇಲೆ ನೋಡ್ಕೊಂಡು ಕೀಳಪ್ಪ" ಎಂದು ಉತ್ತರ ಬಂತು, ಅದೇ ದಪ್ಪ ಗಂಟಲಲ್ಲಿ. ತನ್ನ ದನಿ ಮರಳಲೆಂದು ಮಾವ ಎರಡು ಸಲ ಕೆಮ್ಮಿದ; ಮರಳಲಿಲ್ಲ.