ಹನ್ನೆರಡು ಇಪ್ಪತ್ತರ ಹೆಬ್ಬೆಟ್ಟು

ನಾನು ವಕೀಲೆಯಲ್ಲ. ಹಾಸನದ ಒಂದು ಖಾಸಗಿ ನರ್ಸಿಂಗ್ ಹೋಮಿನಲ್ಲಿ ಹದಿನಾರು ವರ್ಷ ನರ್ಸಾಗಿದ್ದು, ಬೆನ್ನುನೋವು ಹತ್ತಿಕೊಂಡ ಮೇಲೆ ಅಲ್ಲಿಯ ರೆಕಾರ್ಡ್ ರೂಮಿಗೆ ಬಂದು ಕೂತವಳು. ಕೇಸ್ ಶೀಟುಗಳನ್ನು ಜೋಡಿಸಿಡುವುದು, ಕೇಳಿದವರಿಗೆ ಹುಡುಕಿಕೊಡುವುದು ನನ್ನ ಕೆಲಸ. ಗ್ರಾಹಕರ ನ್ಯಾಯಾಲಯದಿಂದ ಕಾಗದ ಬಂದ ದಿನ ಮಾತ್ರ ಹೆದರಿಕೆಯಾಗುತ್ತಿತ್ತು. ಅದರಲ್ಲಿ ಏನು ಕೇಳಿದ್ದಾರೆ ಎನ್ನುವುದೇ ತಿಳಿಯುತ್ತಿರಲಿಲ್ಲ. ಈ ಹೆದರಿಕೆ ಹೋಗಲಿ ಎಂದೇ ಆರೋಗ್ಯ ಕಾನೂನಿನ ಒಂದು ವರ್ಷದ ಆನ್‌ಲೈನ್ ಕೋರ್ಸಿಗೆ ಸೇರಿದೆ. ವಕೀಲರಲ್ಲದವರಿಗೆಂದೇ ಮಾಡಿದ ಕೋರ್ಸು ಅದು.

ಭಾನುವಾರ ಹತ್ತು ಗಂಟೆಗೆ ಕ್ಲಾಸು. ಊಟದ ಮೇಜಿನ ಮೇಲೆ ಲ್ಯಾಪ್‌ಟಾಪ್ ಇಟ್ಟುಕೊಂಡು ಕೂರುತ್ತಿದ್ದೆ. ಮೂವತ್ತಕ್ಕೂ ಹೆಚ್ಚು ವಿದ್ಯಾರ್ಥಿಗಳು. ಯಾರೂ ಕ್ಯಾಮೆರಾ ಹಾಕುತ್ತಿರಲಿಲ್ಲ. ಪಾಠ ಹೇಳುವ ಮೇಡಂ ಕೂಡ ಮುಖ ತೋರಿಸಿದವರಲ್ಲ. ತೆರೆಯ ತುಂಬ ಕಪ್ಪು ಚೌಕಗಳು, ನಡುವೆ ಆ ಒಂದು ತಣ್ಣಗಿನ ದನಿ.

ಮೂರನೆಯ ತಿಂಗಳಲ್ಲಿ ಒಪ್ಪಿಗೆ ಪತ್ರದ ಪಾಠ ಬಂತು. ಆಪರೇಷನ್ನಿಗೆ ಮುಂಚೆ ರೋಗಿಗೆ ಅರ್ಥವಾಗುವ ಭಾಷೆಯಲ್ಲಿ ಹೇಳಬೇಕು, ಅವರು ಒಪ್ಪಬೇಕು, ಒಪ್ಪಿದ್ದನ್ನು ಕಣ್ಣಾರೆ ಕಂಡವರು ಸಾಕ್ಷಿ ಹಾಕಬೇಕು. ಇಷ್ಟು ಹೇಳಿ ಮೇಡಂ ನಿಲ್ಲಿಸಿದರು.

"ತಾವು ಕಾಣದ್ದಕ್ಕೆ ಸಾಕ್ಷಿ ಹಾಕಿದವರು ನಿಮ್ಮಲ್ಲಿ ಯಾರಾದರೂ ಇದ್ದೀರಾ?"

ಪ್ರಶ್ನೆಯ ಬೆನ್ನಿಗೇ ಯಾರೋ ಉಸಿರಾಡುವುದು ಕೇಳಿಸಿತು. ಮೇಲುಸಿರು, ಓಡಿ ಬಂದವರ ಹಾಗೆ. ಯಾರಪ್ಪಾ ಇದು ಎಂದು ಕಿವಿಗೊಟ್ಟೆ. ತೆರೆಯ ಮೇಲೆ ಒಂದೇ ಒಂದು ಚೌಕದ ಸುತ್ತ ಹಸಿರು ಗೆರೆ ಮಿನುಗುತ್ತಿತ್ತು. ಅದು ನನ್ನದು, ಮೈಕ್ ಆರಿಸುವುದನ್ನು ಮರೆತಿದ್ದೆ.

ಆ ವಾರದ ಹೋಮ್‌ವರ್ಕ್ ಸುಲಭವಿತ್ತು. ನೀವು ಕೆಲಸ ಮಾಡುವ ಕಡೆಯ ಯಾವುದಾದರೂ ಒಂದು ಹಳೆಯ ಒಪ್ಪಿಗೆ ಪತ್ರ ತೆಗೆದು, ಹೆಸರು ಮರೆಮಾಡಿ, ಸರಿಯಿದೆಯೇ ನೋಡಿ ಬರೆಯಿರಿ. "ಮೊದಲು ಗಂಟೆ ನೋಡಿ," ಎಂದಿದ್ದರು ಮೇಡಂ.

ಸೋಮವಾರ ಮಧ್ಯಾಹ್ನ ಊಟ ಮುಗಿಸಿ, ಹಳೆಯ ರ‍್ಯಾಕಿನಿಂದ ಕೈಗೆ ಸಿಕ್ಕ ಕಡತ ಎಳೆದೆ. ಹನ್ನೆರಡು ವರ್ಷದ ಹಿಂದಿನದು. ಅರಕಲಗೂಡು ತಾಲ್ಲೂಕಿನ ಹೆಂಗಸು, ಚೊಚ್ಚಲ ಹೆರಿಗೆ, ತುರ್ತು ಸಿಸೇರಿಯನ್. ರಕ್ತ ನಿಲ್ಲದ್ದರಿಂದ ಗರ್ಭಕೋಶ ತೆಗೆದಿದ್ದಾರೆ. ಅರಿವಳಿಕೆ ಕೊಟ್ಟು ಪೂರ್ತಿ ಪ್ರಜ್ಞೆ ತಪ್ಪಿಸಿದ್ದು ಬೆಳಿಗ್ಗೆ ಹನ್ನೊಂದೂ ಮುಕ್ಕಾಲಿಗೆ. ಎಚ್ಚರವಾದದ್ದು ಮಧ್ಯಾಹ್ನ ಎರಡರ ಹತ್ತಿರ. ಗರ್ಭಕೋಶ ತೆಗೆಯಲು ಒಪ್ಪಿ ಆಕೆ ಹೆಬ್ಬೆಟ್ಟು ಒತ್ತಿದ ಗಂಟೆ ಹನ್ನೆರಡು ಇಪ್ಪತ್ತು.

ಗಂಟೆ ಬರೆದ ಅಕ್ಷರ ನನ್ನದು. ಕೆಳಗಿನ ಸಾಕ್ಷಿ ಸಹಿಯೂ ನನ್ನದು.

ಎಷ್ಟು ನೆನೆದರೂ ಆ ದಿನ ನೆನಪಿಗೆ ಬರಲಿಲ್ಲ. ನನ್ನ ಬರವಣಿಗೆ ನನಗೇ ಗೊತ್ತಿಲ್ಲದ ಮಾತು ಹೇಳುತ್ತಿತ್ತು. ಕಡತ ಮುಚ್ಚುವಾಗ ನನ್ನ ಬೆರಳು ಆ ನೀಲಿ ಗುರುತಿಗೆ ತಗುಲಿತು. ಆಗ ತಲೆಗಿಂತ ಮೊದಲು ಕೈಗೆ ನೆನಪಾಯಿತು. ಒದ್ದೆ ಹಿಟ್ಟಿನ ಉಂಡೆಯ ಹಾಗೆ ಜೋಲುವ ಒಂದು ಹೆಬ್ಬೆರಳು, ಅದರ ಭಾರ, ಇಂಕು ಒರೆಸಿದ ಸ್ಪಿರಿಟ್ಟಿನ ವಾಸನೆ. ಹಸಿರು ಬಟ್ಟೆಯ ಅಂಚಿನಿಂದ ಆ ಕೈಯನ್ನು ಹೊರಗೆಳೆದವಳು ನಾನೇ.

ಮಾರನೆಯ ದಿನ ರೆಕಾರ್ಡ್ ರೂಮಿನ ಬೀಗ ತೆಗೆಯಲು ಕೈ ಬರಲಿಲ್ಲ. ಒಳಗೆ ಯಾರೋ ಕಾದು ಕೂತಿದ್ದಾರೆ ಅನ್ನಿಸುತ್ತಿತ್ತು. ಲೈಟು ಹಾಕಿದರೆ ಕಡತಗಳು, ಮತ್ತೇನಿಲ್ಲ.

ರೋಗಿಯ ವಿಳಾಸವನ್ನು ಕಡತದಿಂದ ತೆಗೆದುಕೊಂಡು ಹೋಗುವುದೂ ತಪ್ಪೆಂದು ಅದೇ ಕೋರ್ಸು ಕಲಿಸಿತ್ತು. ಹಾಗಿದ್ದೂ ರಜೆ ಹಾಕಿ ಅರಕಲಗೂಡಿನ ಬಸ್ಸು ಹತ್ತಿದೆ. ಅಲ್ಲಿಂದ ಇನ್ನೊಂದು ಬಸ್ಸಿನಲ್ಲಿ ಮಲ್ಲಿಪಟ್ಟಣ, ಆಮೇಲೆ ಅರ್ಧ ಗಂಟೆ ನಡಿಗೆ. ಎಲ್ಲರೂ ಹೊಲಕ್ಕೆ ಹೋಗಿದ್ದ ಹೊತ್ತು. ಬೀದಿಯಲ್ಲಿ ಒಂದು ನಾಯಿಯೂ ಬೊಗಳಲಿಲ್ಲ.

ಬಾಗಿಲಲ್ಲಿ ಕಾಳು ಕೇರುತ್ತಿದ್ದ ಹೆಂಗಸೇ ಆಕೆ. ನಾನು ಇಂಥ ನರ್ಸಿಂಗ್ ಹೋಮಿನ ಸಿಸ್ಟರ್ ಎಂದೆ. ಹಿಗ್ಗಿ, ಕೈ ಹಿಡಿದು ಒಳಗೆ ಕರೆದುಕೊಂಡಳು. ಒಳಗೆ ಬಂದ ಮೇಲೂ ಕೈ ಬಿಡಲಿಲ್ಲ.

"ಆವತ್ತು ಯಾರೋ ನನ್ ಕೈ ಇಡ್ಕಂಡಿದ್ರು ಕಣಕ್ಕ," ಎಂದಳು. "ಗ್ಯಾನ ಇರ್ನಿಲ್ಲ, ಆದ್ರೂ ಗೊತ್ತಾಯ್ತಿತ್ತು. ಬಾವಿ ಒಳ್ಗಡೀಕೆ ಬೀಳ್ತಾ ಇದ್ದಂಗೆ, ಮ್ಯಾಲಿಂದ ಯಾರೋ ಇಡ್ಕಂಡಂಗೆ. ಆ ಕೈಯಿಂದ್ಲೇ ನಾನು ಬದ್ಕಿದ್ದು. ನೀವೇನಾ?"

ತಲೆ ತಗ್ಗಿಸಿದೆ. ಎತ್ತಿದಾಗ ಕಂಡದ್ದು ತೊಲೆಗೆ ಕಟ್ಟಿದ ತೊಟ್ಟಿಲು. ಒಳಗೆ ಮಡಿ ಬಟ್ಟೆ, ಮೇಲೆ ಹೊಸ ಬೇವಿನೆಲೆ.

"ಯಾರ್ ಮಗು?" ಎಂದೆ.

"ಯಾರ್ದೂ ಇಲ್ಲ. ಮಗ್ಳು ಆರ್ನೇ ಕ್ಲಾಸು, ಇಸ್ಕೂಲಿಗೆ ಓಗವ್ಳೆ. ಇನ್ನೊಂದು ಬತ್ತದೆ ಅಂತ ತೊಟ್ಲು ಇಳಿಸ್ನಿಲ್ಲ. ಆ ಎರ್ಗೆ ಆದ್ಮೇಲೆ ಮುಟ್ಟೇ ನಿಂತೋಯ್ತು. ಡಾಕ್ಟ್ರ ತಾವ ಓಗ್ಬ್ಯಾಡ, ದೇವ್ರು ಕೊಡ್ತಾನೆ ಅಂದಿದ್ರು ನಮ್ಮತ್ತೆ. ಸಾಯಗಂಟ ಅದ್ನೇ ಅಂದ್ರು. ಮಗ್ಳು ಒಂದೊಂದ್ಸಲ ತೂಗ್ತಾಳೆ, ಬರೀ ತೊಟ್ಲು ತೂಗ್ಬ್ಯಾಡ ಅಂದ್ರೂ ಕೇಳಕ್ಕಿಲ್ಲ."

ಹೆಬ್ಬೆಟ್ಟಿನ ವಿಷಯ ಹೇಳಿ, ತಪ್ಪಾಯಿತು ಅಂದು ಬರೋಣ ಎಂದು ಹೋದವಳು ನಾನು. ಗರ್ಭಕೋಶವೇ ಇಲ್ಲ ಎಂದು ಹನ್ನೆರಡು ವರ್ಷ ಅವಳಿಗೆ ಯಾರೂ ಹೇಳಿರಲಿಲ್ಲ. ಡಿಸ್ಚಾರ್ಜ್ ಚೀಟಿ ಇಂಗ್ಲಿಷಿನಲ್ಲಿತ್ತು. ಅದನ್ನು ಅವಳು ದೇವರ ಗೂಡಿನಲ್ಲಿ ಇಟ್ಟಿದ್ದಳು.

ಎಲ್ಲವನ್ನೂ ಹೇಳಿದೆ. ರಕ್ತ ನಿಲ್ಲದ್ದು, ತೆಗೆಯದೆ ಬಿಟ್ಟಿದ್ದರೆ ಜೀವ ಉಳಿಯುತ್ತಿರಲಿಲ್ಲ ಎನ್ನುವುದು, ಆಮೇಲೆ ಆ ಕೈ. ಕೈ ಹಿಡಿದದ್ದು ಧೈರ್ಯಕ್ಕಲ್ಲ, ಇಂಕಿಗೆ ಎಂಬುದನ್ನೂ ಹೇಳಿದೆ. ಆಕೆ ಮೆಲ್ಲಗೆ ನನ್ನ ಕೈ ಬಿಟ್ಟು, ತನ್ನ ಕೈಯನ್ನು ಸೆರಗಿನೊಳಗೆ ಸೇರಿಸಿಕೊಂಡಳು. ಬಹಳ ಹೊತ್ತು ತೊಟ್ಟಿಲನ್ನೇ ನೋಡಿದಳು. ಗಾಳಿಗೋ ಏನೋ ಅದು ಒಂದು ಗೇಣು ಅಲುಗಿತು.

"ಅಂಗಾರೆ ಇಷ್ಟ್ ವರ್ಸ ನಾನು ಯಾರ್ಗೆ ಕಾಯ್ಕಂಡಿದ್ದೆ?" ಎಂದಳು. ಅಳಲಿಲ್ಲ. "ಆ ಕಾಗ್ದ ನಂಗೆ ಬೇಕು."

ಕೇಳಿದ ರೋಗಿಗೆ ದಾಖಲೆಯ ಪ್ರತಿ ಕೊಡಲೇಬೇಕು, ಅದು ಕಾನೂನು. ಮುಂದಿನ ವಾರ ಗಂಡನ ಜೊತೆ ಹಾಸನಕ್ಕೆ ಬಂದು ಅರ್ಜಿ ಕೊಟ್ಟಳು. ಆಡಳಿತದವರು ನನ್ನನ್ನು ಕೋಣೆಗೆ ಕರೆದು, "ಓದ್ಕೊಳ್ಳಿ ಅಂದ್ರೆ ನಮ್ಮ ಬುಡಕ್ಕೇ ತಂದ್ರಲ್ಲ," ಎಂದರು. ಆದರೂ ಪ್ರತಿ ಕೊಟ್ಟರು. ಕೈಗೆ ಬಂದ ಮೇಲೆ ಆಕೆ ಇನ್ನೊಂದು ಕೇಳಿದಳು: "ಕುಯ್ದ ಡಾಕ್ಟ್ರನ್ನ ನೋಡ್ಬೇಕು."

ಅವರು ಕೆಲಸ ಬಿಟ್ಟು ಹೊಳೆನರಸೀಪುರದಲ್ಲಿದ್ದರು. ಫೋನಿನಲ್ಲಿ ವಿಷಯ ಕೇಳಿ, "ಕರ್ಕೊಂಡ್ ಬಾಮ್ಮ," ಎಂದರು. ಹೋದೆವು. ಗಂಡ ಜಗುಲಿಯಲ್ಲೇ ಕೂತ, ಒಳಗೆ ಬರಲೊಲ್ಲ. ಡಾಕ್ಟರು ಕಡತದ ಪ್ರತಿಯನ್ನು ಎರಡು ಸಲ ಓದಿದರು.

"ಹೆಬ್ಬೆಟ್ಟು ಹಾಕ್ಸು ಅಂತ ಈ ಸಿಸ್ಟರ್‌ಗೆ ಹೇಳಿದ್ದು ನಾನೇ," ಎಂದರು. "ಜೀವ ಹೋಗ್ತಿತ್ತು, ಕೇಳೋಕೆ ಹೊತ್ತಿರಲಿಲ್ಲ ಅಂತ ಒಂದು ಸಾಲು ಬರೆದಿದ್ರೆ ಕಾನೂನು ಒಪ್ತಿತ್ತು. ಹೆದರಿ ಸುಳ್ಳು ಬರೆಸಿದೆ. ನಿಮ್ಮತ್ತೆಗೆ ಹೇಳಿದ್ದೆ. ನಿಮಗೆ ಹೇಳಬೇಕಾಗಿತ್ತು."

"ಈಗ ಬರ್ದು ಕೊಡಿ ಸಾ. ಕನ್ನಡ್ದಲ್ಲಿ."

ಅವರು ಬರೆದರು. ಒಂದು ಪುಟಕ್ಕೆ ಬಹಳ ಹೊತ್ತು ಹಿಡಿಯಿತು. ಆಕೆ ಮಗಳಿಗೆ ಓದಿಸಲೆಂದು ಅದನ್ನು ನಾಲ್ಕಾಗಿ ಮಡಚಿ ಪರ್ಸಿನಲ್ಲಿಟ್ಟುಕೊಂಡಳು. ಕೇಸು ಹಾಕುವುದಾದರೆ ನಾನೇ ಬಂದು ಹೇಳಿಕೆ ಕೊಡುತ್ತೇನೆ ಎಂದೆ. "ನೋಡಾನ ಬುಡಿ," ಎಂದಳು. ಇಂದಿನವರೆಗೆ ಹಾಕಿಲ್ಲ. ಹಾಕುವುದಿಲ್ಲ ಎಂದೂ ಹೇಳಿಲ್ಲ.

ಹೋಮ್‌ವರ್ಕನ್ನು ತಡವಾಗಿ, ಇದ್ದದ್ದು ಇದ್ದ ಹಾಗೇ ಬರೆದು ಕಳಿಸಿದೆ. ಮೇಡಂ ಅಂಕದ ಪಕ್ಕದಲ್ಲಿ ಒಂದೇ ಪ್ರಶ್ನೆ ಬರೆದಿದ್ದರು: ಬೇರೆ ಕಡತಗಳು?

ಕೋರ್ಸು ಮುಗಿದು ವರ್ಷವಾಯಿತು. ಚನ್ನರಾಯಪಟ್ಟಣದ ಒಂದು ಆಸ್ಪತ್ರೆಯಲ್ಲಿ ಒಳ್ಳೆಯ ಕೆಲಸಕ್ಕೆ ಕರೆದಿದ್ದರು; ತೌರೂರು ಬಾಗೂರಿಗೂ ಹತ್ತಿರ. ಹೋಗಲಿಲ್ಲ. ದಿನಾ ಊಟವಾದ ಮೇಲೆ ರೆಕಾರ್ಡ್ ರೂಮಿನ ಬಾಗಿಲು ಹಾಕಿಕೊಂಡು, ನಾನು ವಾರ್ಡಿನಲ್ಲಿದ್ದ ವರ್ಷಗಳ ಕಡತಗಳನ್ನು ಒಂದೊಂದಾಗಿ ತೆಗೆದು ನೋಡುತ್ತೇನೆ. ಈವರೆಗೆ ನನ್ನ ಅಕ್ಷರದಲ್ಲಿ ಇಂಥವೇ ಸುಳ್ಳು ಸಾಕ್ಷಿಗಳು ಇನ್ನೂ ಎರಡು ಸಿಕ್ಕಿವೆ. ಒಬ್ಬರ ಮನೆಗೆ ಹೋಗಿ ಬಂದೆ. ಇನ್ನೊಬ್ಬರ ಊರು ಹಾಸನದ ಪಕ್ಕದ ಬೂವನಹಳ್ಳಿ. ಕಿಟಕಿಯಿಂದ ಆ ದಿಕ್ಕು ಕಾಣುತ್ತದೆ. ನಾಳೆ ಹೋಗಬೇಕು ಅಂದುಕೊಳ್ಳುತ್ತಲೇ ಒಂದು ತಿಂಗಳಾಯಿತು.