ವರಾಂಡದ ಆ ತುದಿಯ ಬಾಟಲಿ

ಅರ್ಡಿತ್ ಟ್ಯಾಕೆಟ್ ಮೂವತ್ತೊಂದು ವರ್ಷ ಶಾಲೆಯ ಅಡುಗೆಮನೆಯಲ್ಲಿ ಇನ್ನೂರು ಮಕ್ಕಳಿಗೆ ಬೇಯಿಸಿ ಹಾಕಿದವಳು. ಮುಖ ತಿರುಗಿಸುವ ಮಕ್ಕಳ ಹೊಟ್ಟೆಗೆ ಬೀನ್ಸ್ ಸೇರಿಸಿದವಳಿಗೆ ಗಂಡನನ್ನು ಕುರ್ಚಿಯಿಂದ ಎಬ್ಬಿಸುವುದು ಮಾತ್ರ ಆಗಲಿಲ್ಲ. ಹರ್ಷೆಲ್‌ನ ಎದೆಯಲ್ಲಿ ಕಲ್ಲಿದ್ದಲು ಗಣಿಯ ಧೂಳು ಮನೆ ಮಾಡಿತ್ತು. ದಿನಾ ನಡೆಯದಿದ್ದರೆ ಹಾಸಿಗೆ ಹಿಡಿಯುವುದು ಖಂಡಿತ ಎಂದಿದ್ದರು ಡಾಕ್ಟರು. ಅವನು ಕೇಳಬೇಕಲ್ಲ!

ಮೇ ತಿಂಗಳಲ್ಲಿ ಅವಳು ಜಗಳ ಬಿಟ್ಟಳು. ಹಮ್ಮಿಂಗ್‌ಬರ್ಡ್‌ಗಳಿಗೆ ಸಕ್ಕರೆ ನೀರು ತುಂಬಿಡುವ ಬಾಟಲಿಯನ್ನು ಅವನ ಕುರ್ಚಿಯ ಪಕ್ಕದಿಂದ ಬಿಚ್ಚಿ, ಇಪ್ಪತ್ತು ಹೆಜ್ಜೆ ಆಚೆ ವರಾಂಡದ ತುದಿಗೆ ಕಟ್ಟಿದಳು. ಹೆಬ್ಬೆರಳಷ್ಟು ಹಕ್ಕಿಗಳ ಕಾದಾಟ ನೋಡದೆ ಅವನಿಂದ ಇರಲಾಗಲಿಲ್ಲ. ಗೊಣಗುತ್ತಲೇ ಎದ್ದ. ಆಗಸ್ಟಿನ ಹೊತ್ತಿಗೆ ದಿನಕ್ಕೆ ಆರು ಸಲ ನಡೆಯತೊಡಗಿದ.

ಸೆಪ್ಟೆಂಬರ್ ಬಂದದ್ದೇ ತಲೆನೋವಾಯಿತು. ಮೊದಲ ಸೋಮವಾರ ಊರವರೆಲ್ಲ ಬಾಟಲಿ ಇಳಿಸುತ್ತಾರೆ. ಇಳಿಸದಿದ್ದರೆ ಹಕ್ಕಿಗಳು ಸಿಹಿಯ ಆಸೆಗೆ ದಕ್ಷಿಣಕ್ಕೆ ಹೋಗದೆ ಇಲ್ಲೇ ಚಳಿಗೆ ಸಾಯುತ್ತವೆ ಎಂದು ಎಲ್ಲರ ನಂಬಿಕೆ. ಅರ್ಡಿತ್ ಇಳಿಸಲಿಲ್ಲ. ಹರ್ಷೆಲ್‌ನ ಅಕ್ಕ ಓಪಲ್ ಬೇಲಿಯಾಚೆಯಿಂದಲೇ ಶುರುಮಾಡಿದಳು.

"ಏನೇ ಅರ್ಡಿತ್, ಹಕ್ಕಿ ಕೊಂದ ಪಾಪ ಕಟ್ಕೋತೀಯೇನೇ?"

"ಮೆಲ್ಲಗೆ ಮಾತಾಡಿ ಅತ್ತಿಗೆ. ಬಾಟ್ಲಿ ಇಳಿಸಿದ್ರೆ ನಿಮ್ಮ ತಮ್ಮ ಮತ್ತೆ ಕೂತ್ಬಿಡ್ತಾನೆ."

ಹಾಗೆಂದಳೇ ಹೊರತು ಒಳಗೊಳಗೇ ಅಳುಕಿತ್ತು. ಹಕ್ಕಿಗಳು ತಮ್ಮ ಪಾಡಿಗೆ ಒಂದೊಂದೇ ಹೊರಟುಹೋದಾಗ ಸದ್ಯ ಎನಿಸಿತು, ಸಂಕಟವೂ ಆಯಿತು. ಅಕ್ಟೋಬರಿಗೆ ಬಾಟಲಿಯ ಹತ್ತಿರ ಒಂದು ಹಕ್ಕಿಯೂ ಸುಳಿಯಲಿಲ್ಲ. "ಇನ್ಯಾರು ಬರ್ತಾರೆ, ಇಳಿಸು," ಎಂದು ಹರ್ಷೆಲ್ ಕುರ್ಚಿಗೆ ಅಂಟಿಕೊಂಡ. ಅವಳು ಮಾತ್ರ ಹಟ ಬಿಡದೆ ನೀರು ಬದಲಿಸುತ್ತಿದ್ದಳು.

ಒಂದು ಬೆಳಿಗ್ಗೆ ಅಂಗಳದ ತುಂಬ ಇಬ್ಬನಿ ಹೆಪ್ಪುಗಟ್ಟಿತ್ತು. ವರಾಂಡದಿಂದ ಕೂಗು ಬಂತು. "ಏಯ್, ಬಾರೇ ಬೇಗ!"

ಹರ್ಷೆಲ್ ಆ ತುದಿಯಲ್ಲಿ ಏದುಸಿರು ಬಿಡುತ್ತಾ ನಿಂತಿದ್ದ. ಉತ್ತರದಿಂದ ತಡವಾಗಿ ಹೊರಟ ಬಡಕಲು ಹಕ್ಕಿಯೊಂದು ಬಾಟಲಿಗೆ ಕಚ್ಚಿಕೊಂಡು ಕುಡಿಯುತ್ತಿತ್ತು.

"ಊರಲ್ಲೆಲ್ಲ ಇಳಿಸಿಬಿಟ್ಟಿದಾರಲ್ಲೇ. ನೀನೂ ಇಳಿಸಿದ್ರೆ ಇದರ ಗತಿ ಏನಾಗ್ತಿತ್ತು?" ಎಂದ. ಅವನ ಕಣ್ಣು ಒದ್ದೆಯಾಗಿತ್ತು. ಅವಳಿಗೂ ತಡೆಯಲಾಗಲಿಲ್ಲ.

ಎರಡು ದಿನ ಕುಡಿದು ಮೈ ತುಂಬಿಕೊಂಡ ಹಕ್ಕಿ ಮೂರನೆಯ ದಿನ ದಕ್ಷಿಣದ ದಾರಿ ಹಿಡಿಯಿತು. ವಾರ ಕಳೆದ ಮೇಲೆ ಹರ್ಷೆಲ್ ತಾನೇ ಬಾಟಲಿ ಬಿಚ್ಚಿ ತಂದು ಅಡುಗೆಮನೆಯಲ್ಲಿ ತೊಳೆದಿಟ್ಟ.

"ಚಳಿಗಾಲದಲ್ಲೂ ಇಲ್ಲೇ ಇರೋ ಹಕ್ಕಿಗಳಿಗೆ ಕಾಳಿನ ಡಬ್ಬಿ ಎಲ್ಲಿ ಕಟ್ತೀಯ?"

"ಬಾಟ್ಲಿ ಇದ್ದ ಜಾಗದಲ್ಲೇ. ಯಾಕೆ, ದೂರ ಆಯ್ತಾ?"

"ಅಂಗಳದ ಪಿಯರ್ ಮರಕ್ಕೆ ಕಟ್ಟು."

ಅಲ್ಲಿಗೆ ಹೋಗಲು ಐದು ಮೆಟ್ಟಿಲು ಇಳಿಯಬೇಕು. ಒಂದೂವರೆ ವರ್ಷದಿಂದ ಅವನು ಇಳಿದಿರಲಿಲ್ಲ.