ಕೆಳಮನೆಯ ಪಾಂಡಾ

ಇಲ್ಲಿ ಬರೆಯುತ್ತಿರುವುದರಲ್ಲಿ ನಿಜವಾಗಿ ನಡೆದದ್ದೆಷ್ಟು, ಆಮೇಲೆ ನಾನೇ ಸೇರಿಸಿಕೊಂಡದ್ದೆಷ್ಟು ಎಂದು ಖಚಿತವಾಗಿ ಹೇಳಲಾರೆ. ಕಳೆದ ತಿಂಗಳು ಒಸಾಕಾದ ಅಂಗಡಿಯೊಂದರಲ್ಲಿ ಮಕ್ಕಳ ಮುಖಕ್ಕೆ ಹಚ್ಚುವ ಬಣ್ಣದ ಡಬ್ಬಿ ತೆರೆದು ಮೂಸಿದೆ. ಮೇಣ, ಪೌಡರು ಬೆರೆತ ವಾಸನೆ... ಕ್ಯೋಟೋದಲ್ಲಿ ನನ್ನ ಕೆಳಮನೆಯಲ್ಲಿದ್ದ ಜಪಾನಿ ಅಜ್ಜ ನೆನಪಾದರು. ನೆನಪನ್ನು ಸಾಕ್ಷಿಯೆಂದು ಒಪ್ಪುವವನಲ್ಲ ನಾನು. ಆದರೂ ಡಬ್ಬಿಯನ್ನು ಇನ್ನೊಮ್ಮೆ ಮೂಸಿದೆ.

ಆಗ ಅಲ್ಲಿ ಪಿಎಚ್‌ಡಿ ಮಾಡುತ್ತಿದ್ದೆ. ಅಜ್ಜ ನಮ್ಮ ಬೀದಿಯ ನಿವಾಸಿಗಳ ಸಂಘದ ಹಿರಿಯರು. ಯಾವ ಕಸವನ್ನು ಯಾವ ದಿನ ಇಡಬೇಕು ಎಂಬುದನ್ನು ಬಿಟ್ಟರೆ ನಮ್ಮಿಬ್ಬರ ನಡುವೆ ಮಾತಿರಲಿಲ್ಲ. ನನ್ನ ಹೆಸರು ನಾಲಗೆಗೆ ಹೊರಳದೆ "ಇಂಡೋ-ಸಾನ್" ಅನ್ನುತ್ತಿದ್ದರು. ಭಾರತ ಅವರಿಗೆ ಇಂಡೋ; ಸಾನ್ ಅಂದರೆ ನಮ್ಮ 'ಅವರೇ' ಇದ್ದ ಹಾಗೆ. ಒಮ್ಮೆ ಸಂಘದ ಸಭೆಗೆ ಕರೆದೊಯ್ದರು. ಅರ್ಥವಾಗದ ಮಾತಿಗೆಲ್ಲ ಹೌದು ಹೌದೆಂದು ತಲೆಯಾಡಿಸುತ್ತ ಕೂತಿದ್ದೆ. ಮಕ್ಕಳ ಹಬ್ಬದಲ್ಲಿ ಮುಖಕ್ಕೆ ಬಣ್ಣ ಹಚ್ಚುವ ಕೆಲಸ ಒಪ್ಪಿಕೊಂಡಿದ್ದೇನೆಂದು ಹೊರಬಂದ ಮೇಲೆ ತಿಳಿಯಿತು.

ನಾನು ಎಂದೂ ಕುಂಚ ಹಿಡಿದವನಲ್ಲ. ಎಡಗೈ ಮೇಲೆ ಹುಲಿಮುಖ ಬರೆದು ಅಭ್ಯಾಸ ಮಾಡಿ ಲ್ಯಾಬಿನಲ್ಲಿದ್ದ ಮೈಸೂರಿನ ಗೆಳೆಯನಿಗೆ ತೋರಿಸಿದರೆ, "ಇದು ಹುಲಿಯಲ್ಲ ಗುರು, ಗಾಯ. ಬ್ಯಾಂಡೇಜ್ ಸುತ್ಕೋ" ಅಂದ.

ಹಬ್ಬದ ದಿನ ಪಾರ್ಕಿನಲ್ಲಿ ಮೇಜು ಹಾಕಿಕೊಂಡು ಕೂತೆ. ಪಕ್ಕದಲ್ಲಿ ಒಬ್ಬ ಹೆಂಗಸು ನೀರಿನ ಬಲೂನಿನ ಆಟ ನಡೆಸುತ್ತಿದ್ದರು. ಅಲ್ಲಿ ಮಕ್ಕಳ ಗದ್ದಲ. ನನ್ನ ಮುಂದಿನ ಕುರ್ಚಿ ಖಾಲಿ. ತಾಯಂದಿರು ನಗುತ್ತ ತಲೆಬಾಗಿಸಿ, ಮಕ್ಕಳ ಕೈಹಿಡಿದು ಮುಂದೆ ಹೋಗುತ್ತಿದ್ದರು. ಅವರದೇನು ತಪ್ಪು... ಗುರುತಿಲ್ಲದ ಗಡ್ಡದವನ ಕೈಗೆ ಮಗುವಿನ ಮುಖ ಯಾರು ಕೊಡುತ್ತಾರೆ? ವರ್ಷದಿಂದ ಆ ಬೀದಿಯಲ್ಲಿದ್ದರೂ ಒಂದು ಮಗುವಿನ ಹೆಸರೂ ನನಗೆ ಗೊತ್ತಿರಲಿಲ್ಲ. ಇವತ್ತೂ ಯಾರೂ ಬರದಿದ್ದರೆ ಇನ್ನು ಈ ಬೀದಿಯ ಸಹವಾಸವೇ ಬೇಡ ಅಂದುಕೊಂಡೆ.

ಆಗ ಅಜ್ಜ ಬಂದು ಆ ಕುರ್ಚಿಯಲ್ಲಿ ಕೂತರು. ಕನ್ನಡಕ ತೆಗೆದು ಜೇಬಿಗಿಟ್ಟು, ಕ್ಷೌರಕ್ಕೆ ಕೂತವರಂತೆ ಗದ್ದ ಎತ್ತಿದರು.

"ಪಾಂಡಾ," ಅಂದರು.

ಬಿಳಿ ಒಣಗುವ ಮುಂಚೆಯೇ ಕಪ್ಪು ಹಚ್ಚಿಬಿಟ್ಟೆ. ಬಣ್ಣ ಸುಕ್ಕುಗಳ ಗುಂಟ ಇಳಿದು, ಯಾರೋ ಎರಡೂ ಕಣ್ಣಿಗೆ ಗುದ್ದಿದ ಹಾಗಾಯಿತು. ಸುಮಿಮಾಸೆನ್, ಸುಮಿಮಾಸೆನ್ ಎಂದು ಕ್ಷಮೆ ಕೇಳುತ್ತಲೇ ಇದ್ದೆ. ಅವರು ಕನ್ನಡಿ ನೋಡಿಕೊಂಡು, "ಹೆಂಡತಿ ಹೊಡೆದಳು ಅಂತ ಹೇಳ್ತೀನಿ ಬಿಡು, ಇಂಡೋ-ಸಾನ್" ಎಂದು ಎದ್ದು ಪಾರ್ಕಿನಿಂದ ಹೊರಟೇಹೋದರು. ಮುಖ ತೊಳೆಯಲು ಮನೆಗೆ ಹೋದರು ಅಂದುಕೊಂಡೆ. ಡಬ್ಬಿಗಳ ಮುಚ್ಚಳ ಹಾಕತೊಡಗಿದೆ.

ಸ್ವಲ್ಪ ಹೊತ್ತಿಗೆ ನಮ್ಮ ಬೀದಿಯ ಹುಡುಗಿಯೊಬ್ಬಳು ಬಂದು ಕೂತಳು. ಅವಳ ಹಿಂದೆ ಇನ್ನಿಬ್ಬರು. ಆಮೇಲೆ ಸಾಲೇ ನಿಂತಿತು. ಎಲ್ಲರಿಗೂ ಪಾಂಡಾನೇ ಬೇಕು. ನನಗೂ ಬೇರೇನೂ ಬರುತ್ತಿರಲಿಲ್ಲ. ಅಂದಿನಿಂದ ನನ್ನ ಸೈಕಲ್ ಕಂಡರೆ ಸಾಕು, ಮಕ್ಕಳು "ಪಾಂಡಾ-ಸಾನ್" ಎಂದು ಕೂಗುತ್ತಿದ್ದರು. ಅವರ ತಾಯಂದಿರು ನಿಂತು ಮಾತಾಡಿಸುತ್ತಿದ್ದರು. ಆ ಊರಿನಲ್ಲಿ ಉಳಿದ ವರ್ಷಗಳನ್ನು ನಾನು ಒಂಟಿಯಾಗಿ ಕಳೆಯಲಿಲ್ಲ.

ಒಸಾಕಾದಲ್ಲಿ ಡಬ್ಬಿ ಮೂಸಿದ ವಾರವೇ ರೈಲು ಹತ್ತಿ ಆ ಬೀದಿಗೆ ಹೋದೆ. ಕೆಳಮನೆಯ ಬಾಗಿಲ ಮೇಲೆ ಬೇರೆ ಹೆಸರಿತ್ತು. ಅಜ್ಜ ತೀರಿಕೊಂಡರೆಂದು ಬಲೂನಿನ ಆಟ ನಡೆಸಿದ್ದ ಹೆಂಗಸು ತಿಳಿಸಿದರು. ಅಜ್ಜನಿಗೆ ಒಮ್ಮೆಯಾದರೂ ಸರಿಯಾಗಿ ಅರಿಗಾತೋ ಎಂದು ಧನ್ಯವಾದ ಹೇಳಿದ್ದೆನೋ ಇಲ್ಲವೋ... ಅದೂ ನೆನಪಿಲ್ಲ. ಅಂದು ಅಜ್ಜ ಪಾರ್ಕಿನಿಂದ ಎಲ್ಲಿಗೆ ಹೋಗಿದ್ದರೆಂಬುದನ್ನೂ ಆಕೆ ಹೇಳಿದರು. ನಾನು ತಕ್ಷಣ ನಂಬಲಿಲ್ಲ. ತೀರಿಕೊಂಡವರ ಬಗ್ಗೆ ಎಲ್ಲರೂ ಒಂದೆರಡು ಒಳ್ಳೆಯ ಮಾತು ಸೇರಿಸಿಯೇ ಹೇಳುತ್ತಾರೆ. ಹಾಗಾಗಿ ಅಂದು ಮೊದಲು ಬಂದು ಕೂತಿದ್ದ ಹುಡುಗಿಯನ್ನೇ ಕೇಳಿದೆ. ಅವಳೀಗ ಮೂಲೆಯ ಕೊಂಬಿನಿ ಅಂಗಡಿಯಲ್ಲಿ ಗಲ್ಲಾದ ಕೆಲಸ ಮಾಡುತ್ತಾಳೆ.

"ಹೌದು, ನಮ್ಮನೆಗೂ ಬಂದಿದ್ರು. ಅದೇ ಮುಖದಲ್ಲಿ," ಅಂದಳು. "ಬೀದಿಯ ಒಂದೊಂದು ಬಾಗಿಲೂ ತಟ್ಟಿ, ಅಲ್ಲೊಬ್ಬ ಒಂಟಿಯಾಗಿ ಕೂತಿದ್ದಾನೆ, ಮಕ್ಕಳನ್ನ ಕಳಿಸಿ ಅಂತ ಕೇಳಿದ್ರು."